ಡಬ್ಬಿ ಬೇಡ, ಗುಟ್ಟು ಬೇಡ, ಹುಡುಕಾಟ ಇರಲಿ

ಮಸ್ಕಿಯ ಬೆಟ್ಟಕ್ಕೆ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಬಂದದ್ದು ಚಿನ್ನದ ಜಾಡು ಹಿಡಿದು. ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಎಂಟು ಸಾಲು ಬ್ರಾಹ್ಮಿ ಬರಹ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪ್ರಕಟಣೆಯಾಗಿ ಹೊರತಂದರು. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನ ಅರಸ ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆತದ್ದು ಮಸ್ಕಿಯಲ್ಲಿ. ಭಾರತದ ಚರಿತ್ರೆಯ ಒಂದು ದೊಡ್ಡ ಗೊಂದಲ ರಾಯಚೂರು ಜಿಲ್ಲೆಯ ಈ ಊರಿನಲ್ಲಿ ಬಗೆಹರಿಯಿತು, ಅದೂ ಒಂದು ಹಿಡಿ ಮಣ್ಣು ಅಗೆಯದೆ. ಈ ಸಂಗತಿಯನ್ನು ಇಲ್ಲಿ ನೆನೆಯಲು ಕಾರಣವಿದೆ. ಜಿಯೋಕ್ಯಾಶಿಂಗ್ ಎಂಬ ಹುಡುಕಾಟದ ಆಟ ಕಾಲು ಶತಮಾನದಿಂದ ಜಗತ್ತಿನಾದ್ಯಂತ ಗೆಳೆಯರ ಗುಂಪುಗಳನ್ನು ಮನೆಯಿಂದ ಹೊರಗೆ ಎಳೆದು ತಂದಿದೆ. ಅದು ಲಿಂಗಸುಗೂರು, ಸಿಂಧನೂರು, ಮಸ್ಕಿಯ ಹುಡುಗ ಹುಡುಗಿಯರಿಗೂ ಸಿಗಬೇಕು. ಆದರೆ ಹೊರಗೆ ಆಡುವ ರೀತಿಯಲ್ಲೇ ಇಲ್ಲಿ ಆಡಿದರೆ ಆಟಕ್ಕೂ ಕೇಡು, ನೆಲಕ್ಕೂ ಕೇಡು. ಆ ಆಟದ ಎರಡು ಆಧಾರಗಳಾದ ಬಚ್ಚಿಟ್ಟ ಡಬ್ಬಿಯನ್ನೂ ಕಾಪಾಡಿಕೊಳ್ಳುವ ಗುಟ್ಟನ್ನೂ ಬಿಟ್ಟು, ಹುಡುಕಾಟವನ್ನಷ್ಟೇ ನಾವು ಉಳಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಮೊದಲು ಆಟದ ಬಗ್ಗೆ ಎರಡು ಮಾತು. ಜಿಪಿಎಸ್ ಉಪಗ್ರಹಗಳ ಸಂಕೇತದಲ್ಲಿ ಅಮೆರಿಕದ ಸೇನೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಮೊದಲ ದಿನಗಳಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ತೆಗೆಸಿಹಾಕಿದರು. ನೂರು ಮೀಟರ್‌ವರೆಗೂ ಹೆಚ್ಚುಕಡಿಮೆ ತೋರಿಸುತ್ತಿದ್ದ ಸಾಧನಗಳು ರಾತ್ರಿ ಬೆಳಗಾಗುವುದರೊಳಗೆ ಹತ್ತಿಪ್ಪತ್ತು ಮೀಟರ್ ಹತ್ತಿರಕ್ಕೆ ಬಂದವು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಕಪ್ಪು ಬಕೆಟ್ಟೊಂದನ್ನು ಅರೆಬರೆ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಒಳಗೆ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್, ಹೆಸರು ಬರೆಯಲು ಒಂದು ನೋಟ್‌ಬುಕ್ಕು. ಸಿಕ್ಕವರು ಏನಾದರೂ ಒಯ್ಯಬಹುದು, ಬದಲಿಗೆ ಏನಾದರೂ ಇಟ್ಟು ಬರಬೇಕು. ಅದೇ ಸೆಪ್ಟೆಂಬರ್‌ನಲ್ಲಿ ಜೆರೆಮಿ ಐರಿಷ್ ಈ ಆಟಕ್ಕೆಂದೇ ಒಂದು ಜಾಲತಾಣ ತೆರೆದರು. ಈಗ ಜಗತ್ತಿನಲ್ಲಿ ಇಂತಹ ಮೂವತ್ತು ಲಕ್ಷಕ್ಕೂ ಹೆಚ್ಚು ಅಡಗುತಾಣಗಳಿವೆ, ಬೆಂಗಳೂರಿನಲ್ಲೂ ಇವೆ. ಆಟ ಬೆಳೆದಂತೆ ಮರ್ಯಾದೆಗಳೂ ಬೆಳೆದವು. ಜಾಗದ ಒಡೆಯರ ಅನುಮತಿ ಬೇಕು, ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಡಬ್ಬಿಯನ್ನು ಮಣ್ಣಿನಲ್ಲಿ ಹೂಳಬಾರದು, ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಬೇಕು, ತಿನ್ನುವ ಪದಾರ್ಥ ಇಡಬಾರದು, ಒಯ್ದದ್ದಕ್ಕೆ ಸಮನಾದದ್ದನ್ನೋ ಅದಕ್ಕಿಂತ ಚೆನ್ನಾದದ್ದನ್ನೋ ಇಡಬೇಕು, ತೆಗೆದ ಡಬ್ಬಿಯನ್ನು ಇದ್ದ ಹಾಗೆಯೇ ಇಟ್ಟು ಹೋಗಬೇಕು. 2002ರಿಂದ ಇನ್ನೊಂದು ಪದ್ಧತಿಯೂ ಸೇರಿದೆ: ಹುಡುಕಲು ಹೋದವರು ಬರುವಾಗ ಅಲ್ಲಿನ ಕಸ ಆಯ್ದು ತರುವುದು. ಇವೆಲ್ಲ ವಿವೇಕದ ನಿಯಮಗಳೇ.

ಇದರ ಸುಖ ಏನು ಎಂದು ಕೇಳುವವರು ಕೊನೆಯ ಹತ್ತು ಮೀಟರ್ ಬಗ್ಗೆ ಯೋಚಿಸಬೇಕು. ಮೊಬೈಲ್ ನಿಮ್ಮನ್ನು ಬೆಟ್ಟದ ಬುಡಕ್ಕೆ, ಬಂಡೆಗಳ ರಾಶಿಗೆ ತಲುಪಿಸುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ದಾರಿ ಗೊತ್ತಿಲ್ಲ. ಬಾಣದ ಗುರುತು ಒಮ್ಮೆ ಎಡಕ್ಕೆ, ಒಮ್ಮೆ ಬೆನ್ನ ಹಿಂದಕ್ಕೆ ತಿರುಗುತ್ತದೆ. ಬಂಡೆಯ ಮೈಗೆ ಬಡಿದು ಬರುವ ಸಂಕೇತ ಲೆಕ್ಕ ತಪ್ಪಿಸುತ್ತದೆ. ಗೆಳೆಯರ ಗುಂಪಿಗೆ ಕೆಲಸ ಶುರುವಾಗುವುದು ಆಗಲೇ. ಒಬ್ಬಳು ಸುಳಿವನ್ನು ಮತ್ತೆ ಓದುತ್ತಾಳೆ, ಒಬ್ಬ ಮೇಲೆ ಹತ್ತಿ ನೋಡುತ್ತಾನೆ, ಅಷ್ಟೊತ್ತು ಸುಮ್ಮನಿದ್ದ ಮೂರನೆಯವರು ಎಲ್ಲರೂ ದಾಟಿ ಹೋದ ಕಲ್ಲಿನ ಮುಂದೆ ನಿಂತು ಕರೆಯುತ್ತಾರೆ. ಮೊಬೈಲ್ ಕೈಚೆಲ್ಲಿದ ಕಡೆ ಮನುಷ್ಯರ ಕಣ್ಣು, ನೆನಪು, ವಾದ ಕೆಲಸಕ್ಕೆ ಬರುವ ಇಂಥ ಆಟ ಹೆಚ್ಚಿಲ್ಲ. ಗಣಿತವೂ ಇದರಲ್ಲಿ ಸಲೀಸಾಗಿ ಬಂದುಬಿಡುತ್ತದೆ. 16 ಡಿಗ್ರಿ ಉತ್ತರ ಅಕ್ಷಾಂಶ ಮಸ್ಕಿಯ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಹಾದು, ಮಾನ್ವಿಯ ಸಮೀಪ 77 ಡಿಗ್ರಿ ಪೂರ್ವ ರೇಖಾಂಶವನ್ನು ಸಂಧಿಸುತ್ತದೆ. ಶಾಲೆಯ ಗೋಡೆಯ ನಕಾಶೆಯಲ್ಲಿ ಗೆರೆಯಾಗಿಯೇ ಉಳಿದದ್ದು ಯಾರದೋ ಹೊಲದ ಬದುವಿನ ಮೇಲೆ ಒಂದು ಜಾಗವಾಗಿ ಕಾಣುತ್ತದೆ. ಇಂತಹ ಪೂರ್ಣಾಂಕ ಸಂಧಿಗಳಿಗೆ ಹೋಗಿ ಫೋಟೋ ತೆಗೆದು, ಕಂಡದ್ದನ್ನು ಬರೆದಿಡುವ ಯೋಜನೆಯೊಂದನ್ನು ಅಲೆಕ್ಸ್ ಜ್ಯಾರೆಟ್ 1996ರಲ್ಲೇ, ಅಂದರೆ ಅಲ್ಮರ್ ಅವರ ಬಕೆಟ್ಟಿಗೂ ಮೊದಲೇ ಆರಂಭಿಸಿದ್ದರು. ಅದರಲ್ಲಿ ಡಬ್ಬಿ ಇರಲಿಲ್ಲ, ಇಂದಿಗೂ ಇಲ್ಲ. ಹುಡುಕಾಟದ ಸುಖಕ್ಕೆ ಬಚ್ಚಿಟ್ಟ ವಸ್ತು ಬೇಕೇಬೇಕು ಎಂಬ ನಂಬಿಕೆ ಅಲ್ಲಿಯೇ ಸಡಿಲವಾಗುತ್ತದೆ.

ಡಬ್ಬಿ ಏಕೆ ಬೇಡ? ಈ ಸೀಮೆಯ ನೆಲ ಖಾಲಿ ನೆಲವಲ್ಲ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದಲ್ಲೇ ಮಸ್ಕಿಯಿಂದ ಪ್ರಾಚೀನ ವಸ್ತುಗಳನ್ನು ಸಂಗ್ರಹಿಸಿದ್ದರು. 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನ ತಾಮ್ರಶಿಲಾಯುಗದಿಂದ ಮಧ್ಯಯುಗದವರೆಗೆ ಪದರ ಪದರವಾಗಿ ಜನವಸತಿ ಇದ್ದುದನ್ನು ತೋರಿಸಿತು. ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಎಫ್.ಆರ್. ಆಲ್ಚಿನ್ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಬಯಲಿಗೆ ತಂದರು. ಅಲ್ಲಿನ ಬಂಡೆಗಳ ಮೇಲೆ ಗೂಳಿಗಳ ಚಿತ್ರಗಳು ಈಗಲೂ ಇವೆ. 2010ರಿಂದ ಆಂಡ್ರೂ ಬೌವರ್ ಮತ್ತು ಪೀಟರ್ ಜೊಹಾನ್ಸೆನ್ ಅವರ ತಂಡ ಮಸ್ಕಿಯ ಸುತ್ತ ನಡೆಸುತ್ತಿರುವ ಸಮೀಕ್ಷೆಯ ಬಹುಪಾಲು ನೆಲದ ಮೇಲೆಯೇ ಬಿದ್ದಿರುವ ಕುರುಹುಗಳನ್ನು ಗುರುತಿಸುವ ಕೆಲಸ. ಇಲ್ಲಿ ಉಳುಮೆಯಾದ ಹೊಲದಲ್ಲಿ ನಡೆದರೆ ಕಾಲಿಗೆ ತಾಗುವ ಮಡಕೆ ಚೂರನ್ನು ಒಮ್ಮೆ ಬಾಗಿ ನೋಡಿ. ಒಳಮೈ ಇದ್ದಿಲಿನಂತೆ ಕಪ್ಪು, ಹೊರಮೈ ಇಟ್ಟಿಗೆ ಕೆಂಪು, ಮುರಿದ ಅಂಚಿನಲ್ಲಿ ಎರಡೂ ಬಣ್ಣ ಒಂದರೊಳಗೊಂದು ಕರಗಿರುತ್ತವೆ. ಆವಿಗೆಯಲ್ಲಿ ಬೋರಲು ಹಾಕಿ ಸುಟ್ಟದ್ದರಿಂದ ಗಾಳಿ ಸಿಗದ ಒಳಭಾಗ ಕಪ್ಪಾಯಿತು ಎನ್ನುತ್ತಾರೆ ಬಲ್ಲವರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಕುಂಬಾರಿಕೆಯ ಆ ತುಂಡು ಬಿದ್ದ ಜಾಗದಲ್ಲೇ ಇದ್ದರೆ ಸಾಕ್ಷಿ. ಕಿಸೆಗೆ ಸೇರಿತೋ, ಅದು ಬರೀ ಚೂರು.

ಈಗ ಡಬ್ಬಿಯ ನಿಯಮವನ್ನು ಈ ನೆಲದ ಮೇಲೆ ಇಟ್ಟು ನೋಡಿ. ಏನಾದರೂ ಒಯ್ಯಿ, ಏನಾದರೂ ಇಡು ಎಂದರೆ ಹದಿನೈದು ವರ್ಷದ ಹುಡುಗ ಇಡುವುದೇನನ್ನು? ಕಾಲ ಬಳಿ ಸಿಕ್ಕ ಚೆಂದದ ಮಣಿ, ಬಣ್ಣದ ಚೂರು, ನಯವಾದ ಕಲ್ಲಾಯುಧ. ಒಯ್ಯುವವನು ಅದನ್ನೇ ಒಯ್ಯುತ್ತಾನೆ. ಯಾರ ಮನಸ್ಸಿನಲ್ಲೂ ಕೇಡಿಲ್ಲದಿದ್ದರೂ ಒಂದು ನೆಲೆಯ ಸಾಕ್ಷ್ಯ ಹೀಗೆ ಚದುರಿಹೋಗುತ್ತದೆ. ಇನ್ನು ಡಬ್ಬಿಯನ್ನು ಮರೆಮಾಡಲು ನಾಲ್ಕು ಕಲ್ಲು ಬೇಕು. ಆ ಕಲ್ಲು ಬೃಹತ್ ಶಿಲಾಗೋರಿಯ ವೃತ್ತದಿಂದ ಎತ್ತಿದ್ದಾಗಿರಬಹುದು, ಕೋಟೆಯ ಗೋಡೆಯಿಂದ ಕಳಚಿ ಬಿದ್ದದ್ದಾಗಿರಬಹುದು, ಯಾರದೋ ಮನೆದೇವರೂ ಆಗಿರಬಹುದು. ಕುಂಕುಮ ಅಳಿಸಿಹೋದ ಕಲ್ಲಿಗೂ ಕಾಡುಗಲ್ಲಿಗೂ ಇರುವ ವ್ಯತ್ಯಾಸ ಆ ಊರಿನವರಿಗೆ ಗೊತ್ತು, ಬೈಕಿನಲ್ಲಿ ಬಂದವರಿಗೆ ಗೊತ್ತಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಧಕ್ಕೆ ತಂದರೆ 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮೋಜಿಗೆ ಎಂಬ ಸಬೂಬು ನಡೆಯುವುದಿಲ್ಲ. 2019ರ ಫೆಬ್ರುವರಿಯಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿದ ಯುವಕರಿಗೆ ತಲಾ 70,000 ರೂಪಾಯಿ ದಂಡ ಬಿತ್ತು. ಉರುಳಿಸಿದ ಕಂಬಗಳನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ಅದೂ ಗೆಳೆಯರ ಗುಂಪಿನ ಮೋಜೇ ಆಗಿತ್ತು ಎಂಬುದನ್ನು ಮರೆಯಬಾರದು.

ಇದಕ್ಕಿಂತ ಗಂಭೀರವಾದ ಕಾರಣ ಇನ್ನೊಂದಿದೆ. ನಿಧಿಯಾಸೆ ಈ ಭಾಗದಲ್ಲಿ ಮಾಡಿರುವ ಹಾನಿಗೆ ಲೆಕ್ಕವಿಲ್ಲ. ಹಾಳು ಗುಡಿಯ ಪೀಠ ಮಗುಚಿದ್ದು, ವೀರಗಲ್ಲಿನ ಬುಡ ಅಗೆದದ್ದು, ಲಿಂಗ ಕಿತ್ತದ್ದು ಉತ್ತರ ಕರ್ನಾಟಕದ ಪತ್ರಿಕೆ ಓದುವವರಿಗೆ ಹೊಸ ಸುದ್ದಿಯಲ್ಲ. 2019ರ ಜುಲೈನಲ್ಲಿ ಆನೆಗೊಂದಿ ಬಳಿಯ ತುಂಗಭದ್ರೆಯ ನಡುಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ರಾತ್ರೋರಾತ್ರಿ ಒಡೆದುಹಾಕಿದರು. ವಿಜಯನಗರದ ಅರಸರು ಗುರುವೆಂದು ಕಂಡ ಯತಿಯ ಸಮಾಧಿಗೇ ಈ ಗತಿ ಬಂತೆಂದರೆ ಹೊಲದ ನಡುವಿನ ಅನಾಮಧೇಯ ಕಲ್ಲಿನ ಪಾಡು ಹೇಳಬೇಕಾಗಿಲ್ಲ. ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಆಸೆ ಅದಕ್ಕಿಂತ ಹಳೆಯದು. ಹೀಗಿರುವಾಗ ಬೆಟ್ಟದಲ್ಲಿ ಏನನ್ನೋ ಬಚ್ಚಿಟ್ಟು, ಅಲ್ಲಿ ಏನೋ ಇದೆ ಎಂಬ ಸುಳಿವನ್ನು ಹರಡುವ ಆಟ ತಪ್ಪು ಕಿವಿಗೆ ತಪ್ಪಾಗಿಯೇ ಕೇಳಿಸುತ್ತದೆ. ಇಂದು ಪ್ಲಾಸ್ಟಿಕ್ ಡಬ್ಬಿ ಇಟ್ಟ ಕಲ್ಲಿನ ಕೆಳಗೆ ನಾಳೆ ಹಾರೆ ಇಳಿಯದೆಂದು ಯಾರೂ ಭರವಸೆ ಕೊಡಲಾರರು.

ಗುಟ್ಟಿನ ವಿಷಯಕ್ಕೆ ಬರೋಣ. ಈ ಆಟದ ವಿದೇಶಿ ಶಿಷ್ಟಾಚಾರದಲ್ಲಿ ದೊಡ್ಡ ಪಾಠವೇ ಇದು: ಆಟವಾಡದ ಸಾಮಾನ್ಯ ಜನರ ಕಣ್ಣಿಗೆ ಬೀಳಬೇಡಿ, ಯಾರಾದರೂ ಬಂದರೆ ಶೂ ಕಟ್ಟಿಕೊಳ್ಳುವಂತೆ ಬಾಗಿ, ಅವರು ಹೋದ ಮೇಲೆ ಡಬ್ಬಿ ತೆಗೆಯಿರಿ. ಡಬ್ಬಿ ಕಳ್ಳತನವಾಗದಿರಲು ಹುಟ್ಟಿದ ಉಪಾಯವಿದು. ಅಲ್ಲಿಯೂ ಇದು ಯಾವಾಗಲೂ ಸುಖವಾಗಿ ಮುಗಿದಿಲ್ಲ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಪಟ್ಟಣದಲ್ಲಿ ಡಬ್ಬಿಯೊಂದನ್ನು ಯಾರೋ ಅನುಮಾನಾಸ್ಪದವಾಗಿ ಇಟ್ಟದ್ದು ಕಂಡು ದೂರು ಹೋಗಿ, ಬೀದಿ ಖಾಲಿ ಮಾಡಿಸಿ, ಬಾಂಬ್ ನಿಷ್ಕ್ರಿಯ ದಳ ಅದನ್ನು ಸ್ಫೋಟಿಸಿತು. ಒಳಗಿದ್ದದ್ದು ಆಟದ ಸಾಮಾನು. ಅಲ್ಲಿ ಅದು ಅರ್ಧ ದಿನದ ಗದ್ದಲದಲ್ಲಿ ಮುಗಿಯಿತು. ನಮ್ಮಲ್ಲಿ ಅನುಮಾನದ ಬೆಲೆ ಬೇರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಗೆಳೆಯರ ಜೊತೆ ಬಂದಿದ್ದ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳರೆಂಬ ವದಂತಿ ನಂಬಿದ ಗುಂಪು ಹೊಡೆದು ಕೊಂದಿತು. ಅವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಹಂಚಿದ್ದೇ ಆ ಅನುಮಾನಕ್ಕೆ ಮೊದಲಾಯಿತು. ಆ ತಿಂಗಳೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೇ ಕಳಿಸದಂತೆ ಮಿತಿ ಹಾಕಬೇಕಾಯಿತು. ಇದು ಬರೀ ಬೀದರ್‌ನ ಮಾತಲ್ಲ. ಪರ ಊರಿನ ನಾಲ್ವರು ಸಂಜೆ ಹೊತ್ತು ಊರ ಹೊರಗೆ ಕಲ್ಲು ಎತ್ತಿ ನೋಡುತ್ತಾ, ಜನ ಬಂದಾಗ ಮುಖ ಮರೆಸಿಕೊಂಡರೆ ಯಾವ ಹಳ್ಳಿಯವರಾದರೂ ಏನೆಂದುಕೊಳ್ಳಬೇಕು? ನಿಧಿಗಳ್ಳರೆಂದೋ ಮಾಟ ಮಾಡುವವರೆಂದೋ ಬಗೆದರೆ ಅವರನ್ನು ದೂರುವ ಮೊದಲು ಆ ನಡತೆಯನ್ನು ದೂರಬೇಕು.

ಆದ್ದರಿಂದ ಇಲ್ಲಿನ ಶಿಷ್ಟಾಚಾರದ ಮೊದಲ ಹೆಜ್ಜೆ ಅಲ್ಲಿನದಕ್ಕೆ ನೇರ ವಿರುದ್ಧ. ಹುಡುಕುವ ಮೊದಲು ಊರ ಕಟ್ಟೆಗೆ ಹೋಗಬೇಕು. ಯಾರು, ಎಲ್ಲಿಂದ ಬಂದದ್ದು, ಏನು ನೋಡಲು ಹೊರಟದ್ದು ಎಂಬುದನ್ನು ಹೇಳಬೇಕು. ಹೊಲ ದಾಟುವುದಿದ್ದರೆ ಹೊಲದವರನ್ನು ಕೇಳಬೇಕು. ತೊಗರಿಯೋ ಜೋಳವೋ ನಿಂತಿದ್ದರೆ ಬದುವಿನ ಮೇಲೆಯೇ ನಡೆಯಬೇಕು. ಇದರಿಂದ ಆಟದ ರಸ ಕೆಡುವುದಿಲ್ಲ, ಹೆಚ್ಚುತ್ತದೆ. ಯಾವ ಮೊಬೈಲಿನಲ್ಲೂ ಇಲ್ಲದ ಸುಳಿವು ಕಟ್ಟೆಯ ಮೇಲೆ ಕೂತವರ ಬಳಿ ಇರುತ್ತದೆ: ಯಾವ ಬಂಡೆಗೆ ಯಾವ ಹೆಸರು, ಯಾವ ಹಾದಿ ಮಳೆಗಾಲದಲ್ಲಿ ಕಟ್ಟುತ್ತದೆ, ಎಲ್ಲಿ ಹೆಜ್ಜೇನು ಇದೆ. ಇನ್ನೊಂದು ಲಾಭವನ್ನು ನಾನು ಇದಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ನಮ್ಮ ತಾಲ್ಲೂಕು ಊರುಗಳಲ್ಲಿ ಹುಡುಗರು ಬೈಕ್ ಹತ್ತಿ ಎಲ್ಲಿಗೆ ಹೋದರೂ ಕೇಳುವವರಿಲ್ಲ. ಹುಡುಗಿಯರಿಗೆ ಊರ ಹೊರಗಿನ ಬೆಟ್ಟ ಇರುವುದು ಜಾತ್ರೆಯ ದಿನಕ್ಕೆ ಮಾತ್ರ. ಗುಟ್ಟಿನ ಆಟವಾದರೆ ಅವರಿಗೆ ಬಾಗಿಲು ಮುಚ್ಚಿಯೇ ಇರುತ್ತದೆ. ಹಗಲು ಹೊತ್ತಿನಲ್ಲಿ, ಶಾಲೆಗೂ ಮನೆಗೂ ಊರಿಗೂ ತಿಳಿಸಿ, ಗೆಳತಿಯರ ಗುಂಪಾಗಿ ಆಡುವ ಆಟವಾದರೆ ಅವರೂ ಹೋಗಬಹುದು. ಅಶೋಕನ ಬಂಡೆ ನೋಡಲು ಅಣ್ಣ ಕರೆದುಕೊಂಡು ಹೋಗಲಿ ಎಂದು ಕಾಯಬೇಕಾಗಿಲ್ಲ.

ಡಬ್ಬಿ ಬಿಟ್ಟು, ಗುಟ್ಟು ಬಿಟ್ಟರೆ ಆಟದಲ್ಲಿ ಉಳಿಯುವುದೇನು ಎಂಬ ಆಕ್ಷೇಪಕ್ಕೆ ಉತ್ತರ ಆ ಆಟದ ಚರಿತ್ರೆಯಲ್ಲೇ ಇದೆ. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘ ಅರ್ಥ್‌ಕ್ಯಾಶ್ ಎಂಬ ಬಗೆಯನ್ನು ಆರಂಭಿಸಿತು. ಅದರಲ್ಲಿ ಇಡುವುದು, ಒಯ್ಯುವುದು ಏನೂ ಇಲ್ಲ. ಹೇಳಿದ ಜಾಗಕ್ಕೆ ಹೋಗಿ, ಅಲ್ಲಿನ ಶಿಲೆಯನ್ನೋ ಭೂರಚನೆಯನ್ನೋ ಗಮನಿಸಿ, ಅಲ್ಲಿ ನಿಂತವರಷ್ಟೇ ಉತ್ತರಿಸಬಲ್ಲ ಪ್ರಶ್ನೆಗೆ ಉತ್ತರ ಬರೆದರೆ ಸಿಕ್ಕಿತೆಂದು ಲೆಕ್ಕ. ಇದಕ್ಕೆ ಹಟ್ಟಿ-ಮಸ್ಕಿ ಶಿಲಾಪಟ್ಟಿಗಿಂತ ಒಳ್ಳೆಯ ಅಂಗಳ ಕರ್ನಾಟಕದಲ್ಲಿ ಸುಲಭಕ್ಕೆ ಸಿಗದು. ಸುಮಾರು 250 ಕೋಟಿ ವರ್ಷ ಹಳೆಯದಾದ, ನಕಾಶೆಯಲ್ಲಿ ಕೊಕ್ಕೆಯ ಆಕಾರದಲ್ಲಿ ಕಾಣುವ ಈ ಪಟ್ಟಿಯ ಕಪ್ಪು ಹಸಿರು ಕಲ್ಲು ಎಲ್ಲಿ ಮುಗಿದು ಬಿಳಿ ಗುಲಾಬಿ ಗ್ರಾನೈಟ್ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಾಲ್ನಡಿಗೆಯಲ್ಲಿ ಪತ್ತೆ ಹಚ್ಚುವುದು ಪಿಯುಸಿ ಹುಡುಗರಿಗೆ ಸಾಧ್ಯವಿರುವ ಕೆಲಸ. ಹಟ್ಟಿಯ ಚಿನ್ನ ಆ ಪಟ್ಟಿಯಲ್ಲೇ ಇದೆ ಎಂದು ತಿಳಿದಾಗ ಕಲ್ಲಿನ ಬಣ್ಣಕ್ಕೂ ಅರ್ಥ ಬರುತ್ತದೆ.

ಮಸ್ಕಿಯ ಶಾಸನವನ್ನೇ ತೆಗೆದುಕೊಳ್ಳಿ. ಬೆಟ್ಟದ ಬಂಡೆಗಳ ಸಂದಿನಲ್ಲಿ, ಗುಹೆಯಂತಹ ಮರೆಯಲ್ಲಿ ಅದು ಇದೆ. ಅಲ್ಲಿ ಆಕಾಶ ಪೂರಾ ಕಾಣದು, ಹಾಗಾಗಿ ಮೊಬೈಲ್ ತೋರಿಸುವ ಜಾಗವೂ ಅಲುಗಾಡುತ್ತದೆ. ಹುಡುಕುವವರ ಕೈಗೆ ಒಂದೇ ಪ್ರಶ್ನೆ ಕೊಡಿ: ಅರಸನ ಹೆಸರನ್ನು ತೋರಿಸಿ. ಮೊದಲ ಸಾಲಿನಲ್ಲಿ ಅ, ಸೋ, ಕ, ಸ ಎಂಬ ನಾಲ್ಕು ಅಕ್ಷರಗಳಿವೆ, ಅಶೋಕನ ಎಂದು ಅರ್ಥ. ಬ್ರಾಹ್ಮಿಯಲ್ಲಿ ಕ ಅಕ್ಷರದ ರೂಪ ಲೆಕ್ಕದ ಕೂಡುವ ಗುರುತೇ. ಲಿಪಿ ಬಾರದ ಮಗು ಕೂಡ ಸವೆದ ಕಲ್ಲಿನ ಮೇಲೆ ಆ ಅಡ್ಡಗೆರೆ ಉದ್ದಗೆರೆಯನ್ನು ಹುಡುಕಿ, ಅದರ ಎಡಬಲದ ಅಕ್ಷರಗಳನ್ನು ಒಂದೊಂದಾಗಿ ಹೊಂದಿಸಿಕೊಂಡು ಹೆಸರನ್ನು ಬಿಡಿಸಬಹುದು. ಮುಟ್ಟಬೇಕಿಲ್ಲ, ಸುಣ್ಣ ಬಳಿಯಬೇಕಿಲ್ಲ, ನಿಂತು ನೋಡಿದರೆ ಸಾಕು. ಧರ್ಮದ ಹಾದಿ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರೂ ಅದನ್ನು ಸೇರಬಲ್ಲರು ಎಂಬುದು ಆ ಬರಹದ ತಿರುಳು ಎಂದು ಆಮೇಲೆ ತಿಳಿದಾಗ, ತಾವೇ ಬಿಡಿಸಿದ ಅಕ್ಷರದ ಮೇಲೆ ಅವರಿಗೆ ಹುಟ್ಟುವ ಅಕ್ಕರೆಯನ್ನು ಪಠ್ಯಪುಸ್ತಕ ಹುಟ್ಟಿಸಲಾರದು. ಒಂದು ಸುಳಿವು ಮುಂದಿನದಕ್ಕೆ ದಾರಿ ತೋರುವ ಸರಣಿ ಆಟವೂ ಉಂಟು. ಸಿಂಧನೂರಿನಿಂದ ತುಂಗಭದ್ರೆ ದಾಟಿದರೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳ. ಎರಡು ಕಡೆಯೂ ಅಶೋಕನ ಹೆಸರಿರುವ ಶಾಸನಗಳಿವೆ. ಪಶ್ಚಿಮಕ್ಕೆ ಹೋದರೆ ಕೊಪ್ಪಳದ ಗವಿಮಠ, ಪಾಲ್ಕಿಗುಂಡು. ಒಂದು ಕಲ್ಲಿನಲ್ಲಿ ಕಂಡ ಅಕ್ಷರ ಇನ್ನೊಂದರಲ್ಲಿ ಹೇಗಿದೆ ಎಂದು ಹೋಲಿಸುತ್ತಾ ಹೋಗುವ ಗೆಳೆಯರ ಗುಂಪಿಗೆ ಅಂತಹ ದೀರ್ಘ ಹಾದಿ ಭಾರತದಲ್ಲಿ ಬೇರೆಲ್ಲೂ ಇಷ್ಟು ಹತ್ತಿರ ಹತ್ತಿರ ಸಿಗುವುದು ಕಷ್ಟ. ಮುದಗಲ್ ಕೋಟೆಯಲ್ಲಿ ಕನ್ನಡ, ಪಾರ್ಸಿ ಬರಹಗಳಿವೆ, ಬಹಮನಿ ವಿಜಯನಗರದವರು ಕಿತ್ತಾಡಿದ ದೋಆಬಿನ ನಡುವಿನ ಬಾಗಿಲು ಅದು. ಅಲ್ಲಿಯೂ ಪ್ರಶ್ನೆಗಳಿಗೆ ಬರವಿಲ್ಲ.

ಅನಾಹುತಗಳ ಮಾತನ್ನು ತೇಲಿಸಿಬಿಡಬಾರದು. ನಿರ್ದೇಶಾಂಕ ಋತುವನ್ನು ಹೇಳುವುದಿಲ್ಲ, ಆಟದ ಬಹುಪಾಲು ಅಪಾಯ ಅಲ್ಲಿಂದಲೇ ಬರುತ್ತದೆ. 2018ರ ಜೂನ್‌ನಲ್ಲಿ ಪ್ರಾಗ್ ನಗರದಲ್ಲಿ ಅಡಗುತಾಣ ಹುಡುಕುತ್ತಾ ನೆಲದಡಿಯ ನೀರಿನ ಕಾಲುವೆಗೆ ಇಳಿದ ನಾಲ್ವರ ಮೇಲೆ ಮಳೆನೀರು ನುಗ್ಗಿ ಇಬ್ಬರು ಸತ್ತರು. ನಮ್ಮ ಲಿಂಗಸುಗೂರು ತಾಲ್ಲೂಕಿನ ಜಲದುರ್ಗ ಕೃಷ್ಣೆಯ ನಡುವಿನ ಕೋಟೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ಆ ಭಾಗದ ಹಳ್ಳಿಗಳ ಸಂಪರ್ಕವೇ ಕಡಿದುಹೋಗುತ್ತದೆ. ಮೇ ತಿಂಗಳಲ್ಲಿ ನಡೆದು ದಾಟಿದ ಜಾಗ ಆಗಸ್ಟ್‌ನಲ್ಲಿ ಹೊಳೆಯ ಪಾಲು. ಮೊಬೈಲಿನ ನಕಾಶೆ ಎರಡೂ ದಿನ ಒಂದೇ ಗೆರೆ ತೋರಿಸುತ್ತದೆ. ಹಟ್ಟಿಯ ಸುತ್ತ ಪ್ರಾಚೀನರು ಚಿನ್ನಕ್ಕಾಗಿ ತೋಡಿದ ಹಳೆಯ ಗುಂಡಿಗಳಿವೆ. ಅವುಗಳಲ್ಲಿ ಒಂದು 640 ಅಡಿ ಆಳಕ್ಕೆ ಇಳಿದಿತ್ತು. ಗಣಿ ಪ್ರದೇಶವನ್ನು ಆಟದ ನಕಾಶೆಯಿಂದ ಹೊರಗಿಡುವುದೇ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಲುಬಂಡೆಗಳ ನಡುವೆ ಮಧ್ಯಾಹ್ನ ಅಲೆಯುವುದು ಎಂತಹ ಗಟ್ಟಿಗನಿಗೂ ಆಗದ ಮಾತು. ಬಂಡೆ ಸಂದಿಗೆ ಕೈ ಹಾಕುವ ಅಭ್ಯಾಸವಂತೂ ಹಾವು ಚೇಳಿನ ಈ ನಾಡಿನಲ್ಲಿ ಇರಲೇಬಾರದು, ಡಬ್ಬಿ ಬೇಡ ಎನ್ನಲು ಇದೂ ಒಂದು ಕಾರಣ. ನವೆಂಬರ್‌ನಿಂದ ಫೆಬ್ರುವರಿ ಈ ಆಟದ ಕಾಲ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಊರೇ ಹೊಲಕ್ಕೆ ಹೋಗುವ ದಿನಗಳವು. ಬುತ್ತಿ ಕಟ್ಟಿಕೊಂಡು ಗೆಳೆಯರ ಜೊತೆ ಹೊರಡಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಜಾಗಗಳನ್ನು ಹೀಗೆ ಪ್ರಚಾರ ಮಾಡಿದರೆ ನಿಧಿಗಳ್ಳರಿಗೆ ನೀವೇ ದಾರಿ ತೋರಿಸಿದಂತಾಗುವುದಿಲ್ಲವೇ ಎಂಬುದು ನನ್ನ ಪ್ರಕಾರ ಅತ್ಯಂತ ತೂಕದ ಆಕ್ಷೇಪ. ಅರ್ಧ ಒಪ್ಪುತ್ತೇನೆ. ಕಾವಲಿಲ್ಲದ, ಹೆಸರಿಲ್ಲದ ನೆಲೆಗಳ, ಅಂದರೆ ಬೂದಿದಿಬ್ಬ, ಶಿಲಾಗೋರಿ, ಚೂರು ಚೆಲ್ಲಿದ ಹೊಲಗಳ ನಿಖರ ನಿರ್ದೇಶಾಂಕಗಳನ್ನು ಯಾರೂ ಪ್ರಕಟಿಸಬಾರದು. ನವಶಿಲಾಯುಗದ ದನದ ದೊಡ್ಡಿಗಳ ಸಗಣಿ ಸುಟ್ಟು ಉಳಿದ ಬೂದಿದಿಬ್ಬಗಳಂತೂ ಗೊಬ್ಬರಕ್ಕೆಂದು, ರಸ್ತೆಗೆಂದು ಈಗಾಗಲೇ ಬಹಳಷ್ಟು ಕರಗಿವೆ. ಆಟ ನಡೆಯಬೇಕಾದದ್ದು ಎಲ್ಲರಿಗೂ ಗೊತ್ತಿರುವ ಜಾಗಗಳಲ್ಲಿ ಮಾತ್ರ: ಮಸ್ಕಿಯ ಶಾಸನ, ಮುದಗಲ್ ಕೋಟೆ, ಬೇಸಿಗೆಗೆ ಮುನ್ನ ಜಲದುರ್ಗ. ಆದರೆ ಆಕ್ಷೇಪದ ಉಳಿದರ್ಧ ನಿಲ್ಲುವುದಿಲ್ಲ. ವ್ಯಾಸರಾಜರ ವೃಂದಾವನ ಯಾರಿಗೂ ಗೊತ್ತಿಲ್ಲದ ಜಾಗವಾಗಿರಲಿಲ್ಲ. ಕಳ್ಳರಿಗೆ ಒದಗಿದ್ದು ನಿರ್ದೇಶಾಂಕವಲ್ಲ, ರಾತ್ರಿಯ ನಿರ್ಜನತೆ. ಹಗಲಲ್ಲಿ ಹತ್ತು ಜನ ಬಂದು ಹೋಗುವ, ಕಳೆದ ವಾರದ ಫೋಟೋ ಹತ್ತು ಜನರ ಬಳಿ ಇರುವ ಜಾಗದಲ್ಲಿ ಒಂದು ಕಲ್ಲು ಕದಲಿದರೂ ಮರುದಿನ ತಿಳಿಯುತ್ತದೆ. ಒಂದೇ ಕೋನದಿಂದ ತಿಂಗಳು ತಿಂಗಳು ತೆಗೆದ, ದಿನಾಂಕ ಇರುವ ಚಿತ್ರಗಳು ಪುರಾತತ್ವ ಇಲಾಖೆಗೆ ಪುಕ್ಕಟೆಯಾಗಿ ಸಿಗುವ ದಾಖಲೆ.

ದೇವರ ಜಾಗದಲ್ಲಿ ಆಟವೇ ಎಂದು ಮುನಿಯುವವರ ಮಾತನ್ನೂ ಗೌರವದಿಂದ ಕೇಳಬೇಕು. ಪೋಕೆಮಾನ್ ಗೋ ಬಂದಾಗ 2016ರಲ್ಲಿ ಗುಜರಾತ್ ಹೈಕೋರ್ಟಿಗೆ ದೂರು ಹೋದದ್ದು, ಆಟದ ಮೊಟ್ಟೆಗಳನ್ನು ಗುಡಿಗಳಲ್ಲಿ ತೋರಿಸುತ್ತಾರೆಂದು. ಅಲ್ಲಿ ತಪ್ಪು ಎಲ್ಲಿತ್ತೆಂದರೆ, ಯಾರನ್ನೂ ಕೇಳದೆ ದೂರದ ಕಂಪನಿಯೊಂದು ಆ ಜಾಗಗಳನ್ನು ಆರಿಸಿಕೊಂಡದ್ದರಲ್ಲಿ. ಮಸ್ಕಿಯ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ ಇದೆ, ಭಕ್ತರು ಮೆಟ್ಟಿಲು ಹತ್ತುವ ದಿನಗಳಿವೆ. ಆ ದಿನಗಳಲ್ಲಿ ಆಟ ಬೇಡ, ಗುಡಿಯೊಳಗೆ ಯಾವ ದಿನವೂ ಬೇಡ. ಗುಡಿಯವರನ್ನು ಕೇಳಿ, ಅವರು ಹೇಳಿದ ಗಡಿಯ ಹೊರಗೆ ಆಡಿದರೆ ತಕರಾರಿಗೆ ಎಡೆಯಿರುವುದಿಲ್ಲ. ಇನ್ನು ಮೊಬೈಲ್ ಹಿಡಿದು ಹಾಳಾದ ಮಕ್ಕಳಿಗೆ ಇನ್ನೊಂದು ಮೊಬೈಲ್ ಆಟವೇ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಇದಕ್ಕೆ ಗುಂಪಿಗೊಂದು ಫೋನ್ ಸಾಕು, ಚಂದಾ ಬೇಕಿಲ್ಲ, ಕಂಪನಿಯ ಆ್ಯಪ್ ಕೂಡ ಬೇಕಿಲ್ಲ. ನಿರ್ದೇಶಾಂಕ ಬರೆದ ಚೀಟಿಯನ್ನು ಒಂದು ಗುಂಪು ಇನ್ನೊಂದಕ್ಕೆ ಕೊಟ್ಟರೂ ಆಟ ನಡೆಯುತ್ತದೆ. ಹಾಗಾದರೆ ಶಾಲೆಯ ಪ್ರವಾಸವೇ ಸಾಕಲ್ಲ ಎಂದರೆ, ಸಾಲದು. ಪ್ರವಾಸದಲ್ಲಿ ಮೇಷ್ಟ್ರು ತೋರಿಸಿದ್ದನ್ನು ನೋಡಿ ಬಸ್ಸು ಹತ್ತುತ್ತಾರೆ. ಹುಡುಕಾಟದಲ್ಲಿ ತಪ್ಪು ಬಂಡೆಯ ಮುಂದೆ ನಿಂತು, ವಾದಿಸಿ, ಹಿಂದಿರುಗಿ, ಕೊನೆಗೆ ತಾವೇ ಕಾಣುತ್ತಾರೆ. ತಾವೇ ಕಂಡದ್ದರ ಮೇಲೆ ಹೆಸರು ಕೊರೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಲಿಂಗಸುಗೂರು, ಸಿಂಧನೂರು, ಮಸ್ಕಿಯ ಕಾಲೇಜುಗಳ ಇತಿಹಾಸ, ಭೂಗೋಳ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಈ ಚಳಿಗಾಲದಲ್ಲಿ ಹತ್ತು ಜಾಗ ಆರಿಸಿ, ಹತ್ತು ಪ್ರಶ್ನೆ ಬರೆಯಿರಿ. ಪುರಾತತ್ವ ಇಲಾಖೆಗೆ, ಗ್ರಾಮ ಪಂಚಾಯಿತಿಗೆ, ಪೊಲೀಸ್ ಠಾಣೆಗೆ ಒಂದೊಂದು ಪತ್ರ ಕೊಟ್ಟು ಅನುಮತಿ ಪಡೆಯಿರಿ. ಹುಡುಗಿಯರ ಗುಂಪುಗಳಿಗೆ ಮೊದಲ ಚೀಟಿ ಕೊಡಿ. ಮಸ್ಕಿಯ ಬೆಟ್ಟಕ್ಕೆ ಹೊರಡುವ ಮುನ್ನ ಊರ ಕಟ್ಟೆಯ ಮೇಲೆ ಕೂತವರನ್ನು ಮಾತಾಡಿಸಿ ಹೋಗಬೇಕೆಂದು ಆ ಚೀಟಿಯ ಮೊದಲ ಸಾಲಿನಲ್ಲೇ ಬರೆದಿರಲಿ.